ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ಶೇಂಗಾ



ರಜೆ ಬಂತೆಂದರೆ ಹೊರದೇಶಗಳಿಂದ ಮೊಮ್ಮಕ್ಕಳು ಅಜ್ಜಿಮನೆಗೆ ಬರುವ ಕಾಲ. ಟಿಕೆಟ್ಟು ಆಯಿತು, ಹೊರಡುವ ದಿನ ಗೊತ್ತಾಯಿತು ಎನ್ನುವಷ್ಟರಲ್ಲಿ ಫೋನಿನಲ್ಲಿ ಇನ್ನೊಂದು ಮಾತೂ ಬರುತ್ತದೆ: 'ಅಮ್ಮಾ, ಮಗುವಿಗೆ ಶೇಂಗಾ ಅಲರ್ಜಿ. ನಾವಿರುವಷ್ಟು ದಿನ ಮನೆಯಲ್ಲಿ ಆ ಚಟ್ನಿಪುಡಿ ಬೇಡ.' ಅಜ್ಜಿಗೆ ಇದು ಒಗಟು. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಸೇರುಗಟ್ಟಲೆ ಕೊಂಡು ತಿಂದವರ ಮನೆತನದಲ್ಲಿ ಇದೆಲ್ಲಿಂದ ಬಂತು ಎಂದು ಕೇಳುತ್ತಾರೆ.

ಆ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಆಗಷ್ಟೇ ಶಾಲೆಗೆ ಸೇರುತ್ತಿದ್ದ ಮಕ್ಕಳನ್ನು ಕುರಿತ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಏಷ್ಯಾದಲ್ಲಿ ಹುಟ್ಟಿ ಆಮೇಲೆ ಅಲ್ಲಿಗೆ ಹೋದ ಮಕ್ಕಳಿಗಿಂತ, ಅಲ್ಲೇ ಹುಟ್ಟಿದ ಏಷ್ಯಾ ಮೂಲದ ಮಕ್ಕಳಲ್ಲಿ ಶೇಂಗಾ, ಗೋಡಂಬಿಗಳಂಥ ಬೀಜಗಳ ಅಲರ್ಜಿ ಹೆಚ್ಚು ಎಂದು ಅದರಲ್ಲಿ ಕಂಡುಬಂತು. ರಕ್ತ ಅದೇ, ನೆಲ ಬೇರೆ. ಹಾಗೆಂದು ನಮ್ಮ ನೆಲದಲ್ಲಿ ಇದು ಇಲ್ಲವೇ ಇಲ್ಲ ಎಂದಲ್ಲ. ಬೆಂಗಳೂರು, ಮೈಸೂರುಗಳ ವಯಸ್ಕರನ್ನು ಪರೀಕ್ಷಿಸಿದ ಒಂದು ದೊಡ್ಡ ಅಧ್ಯಯನದಲ್ಲಿ ನೂರಕ್ಕೆ 26ಕ್ಕೂ ಹೆಚ್ಚು ಜನರ ರಕ್ತದಲ್ಲಿ ಒಂದಲ್ಲ ಒಂದು ಆಹಾರದ ವಿರುದ್ಧ ಪ್ರತಿಕಾಯ ಸಿಕ್ಕಿತು. ಆದರೆ ತಿಂದಾಗ ನಿಜವಾಗಿ ತೊಂದರೆಪಡುವವರು ನೂರಕ್ಕೆ ಸುಮಾರು 1.2 ಮಾತ್ರ. ಹಾಗಾಗಿ ರಕ್ತಪರೀಕ್ಷೆಯ ಉದ್ದನೆಯ ಪಟ್ಟಿ ಹಿಡಿದುಕೊಂಡು ಕಂಡಕಂಡದ್ದನ್ನೆಲ್ಲ ಬಿಡುವವರಿಗೆ ನನ್ನದೊಂದು ಬಿನ್ನಹ: ಮೊದಲು ಬಲ್ಲ ವೈದ್ಯರೊಬ್ಬರಿಗೆ ಆ ಪಟ್ಟಿ ತೋರಿಸಿ.

ನಮ್ಮ ಹಿರಿಯರಿಗೆ ನಂಜು ಗೊತ್ತು. ಗಾಯವಾದಾಗ ಬದನೆಕಾಯಿ ಬೇಡ, ಹುಣ್ಣಿದ್ದಾಗ ಇಂಥದ್ದು ಬೇಡ ಎನ್ನುವ ಪಥ್ಯ ಅದು. ಸ್ವಲ್ಪ ತಿಂದರೆ ಸ್ವಲ್ಪ ತೊಂದರೆ, ಜಾಸ್ತಿ ತಿಂದರೆ ಜಾಸ್ತಿ ಎಂಬ ಲೆಕ್ಕ. ತೀವ್ರ ಅಲರ್ಜಿಗೆ ಈ ಲೆಕ್ಕ ಹೊಂದುವುದಿಲ್ಲ. 'ಒಂದು ಚೂರು ತಿಂದರೆ ಏನಾಗುತ್ತೆ ಬಿಡಿ' ಎಂಬ ಮಾತಿಗೆ ಉತ್ತರ, ಆ ಒಂದು ಚೂರೇ ಸಾಕು.

ಇವತ್ತು ನಾನು ಹೇಳಹೊರಟಿದ್ದು ಎರಡು ಮನೆಗಳ ನಡುವಿನ ದಾರಿಯ ವಿಷಯ. ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಎಲ್ಲೂ ಇಳಿಯದೆ ಏರ್ ಇಂಡಿಯಾ ವಿಮಾನ 2021ರ ಜನವರಿಯಲ್ಲಿ ಮೊದಲ ಸಲ ಹಾರಿದಾಗ, ಉತ್ತರ ಧ್ರುವದ ಮೇಲೆ ಬಂದ ಮಹಿಳಾ ಪೈಲಟ್‌ಗಳ ಸಾಹಸ ಎಲ್ಲ ಪತ್ರಿಕೆಗಳಲ್ಲೂ ಬಂತು. ಹದಿನಾರು ಹದಿನೇಳು ಗಂಟೆಗಳ ಹಾರಾಟ. ಆ ಸುದ್ದಿ ಓದಿ ಎಲ್ಲರೂ ಹೆಮ್ಮೆಪಟ್ಟರು. ಅಲರ್ಜಿಯ ಮಗುವಿನ ತಾಯಿ ಮಾತ್ರ, ಧ್ರುವದ ಮೇಲಿರುವಾಗ ಮಗುವಿನ ಗಂಟಲು ಊದಿಕೊಂಡರೆ ಹತ್ತಿರದ ಆಸ್ಪತ್ರೆ ಎಲ್ಲಿ ಎಂದು ಯೋಚಿಸಿರುತ್ತಾಳೆ.

ಆ ತಾಯಿಯನ್ನು ಕೇಳಿ ನೋಡಿ, ಆಕೆಗೆ ಎಲ್ಲಕ್ಕಿಂತ ಹೆಚ್ಚಿನ ಹೆದರಿಕೆ ಗಾಳಿಯದ್ದು. ನಾಲ್ಕು ಸಾಲು ಹಿಂದೆ ಯಾರೋ ಶೇಂಗಾ ಪೊಟ್ಟಣ ಒಡೆಯುತ್ತಾರೆ, ಅದರ ಧೂಳು ಮುಚ್ಚಿದ ವಿಮಾನದೊಳಗೆಲ್ಲ ಸುತ್ತಿ ಮಗುವಿನ ಮೂಗಿಗೆ ಬರುತ್ತದೆ ಎಂಬ ಭಯ. ಸಹಜವಾದ ಭಯವೇ. ಆದರೆ ವಿಮಾನದೊಳಗಿನ ಗಾಳಿ ನಾವಂದುಕೊಂಡಂತೆ ಚಲಿಸುವುದಿಲ್ಲ. ಅದು ಮೇಲಿನಿಂದ ಬಂದು, ಹೆಚ್ಚುಕಡಿಮೆ ಅದೇ ಸಾಲಿನ ಕಾಲಬುಡದಲ್ಲಿ ಹೊರಹೋಗುತ್ತದೆ. ಇಡೀ ವಿಮಾನದ ಉದ್ದಕ್ಕೂ ಹರಿಯುವುದಿಲ್ಲ. ಗಂಟೆಗೆ ಇಪ್ಪತ್ತು ಮೂವತ್ತು ಸಲ ಬದಲಾಗುತ್ತದೆ. ದೊಡ್ಡ ವಿಮಾನಗಳಲ್ಲಿ, ತಿರುಗಿ ಒಳಗೆ ಬರುವ ಗಾಳಿ ಹೆಪಾ ಎಂಬ ಶೋಧಕದ ಮೂಲಕ ಬರುತ್ತದೆ. ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ ಬಳಸುವ ಜಾತಿಯ ಶೋಧಕ ಅದು. ಶೇಂಗಾದ ಧೂಳೋ, ಎದ್ದಷ್ಟೇ ಬೇಗ ಕೆಳಗೆ ಕೂರುತ್ತದೆ.

ನ್ಯೂಯಾರ್ಕಿನ ವೈದ್ಯರು 2003ರಲ್ಲಿ ಒಂದು ಧೈರ್ಯದ ಪರೀಕ್ಷೆ ಪ್ರಕಟಿಸಿದರು. ಶೇಂಗಾಕ್ಕೆ ತೀವ್ರ ಅಲರ್ಜಿ ಇರುವ ಮೂವತ್ತು ಮಕ್ಕಳನ್ನು ಕೂರಿಸಿ, ಮುಖದಿಂದ ಒಂದಡಿ ದೂರದಲ್ಲಿ ಶೇಂಗಾ ಬೆಣ್ಣೆ ಇಟ್ಟು, ಹತ್ತು ನಿಮಿಷ ಅದರ ವಾಸನೆ ಕುಡಿಸಿದರು. ಒಂದು ಮಗುವಿಗೂ ಉಸಿರುಗಟ್ಟುವಂಥ ತೊಂದರೆ ಆಗಲಿಲ್ಲ. 2024ರಲ್ಲಿ ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರಕ್ಕಾಗಿ ತಜ್ಞರು ಈವರೆಗಿನ ಎಲ್ಲ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ವಿಮಾನದ ಗಾಳಿಯಲ್ಲಿ ಹರಡಿದ ಶೇಂಗಾದಿಂದ ಪ್ರಾಣಾಪಾಯವಾಗುತ್ತದೆ ಎನ್ನುವುದಕ್ಕೆ ಅವರಿಗೆ ಆಧಾರ ಸಿಗಲಿಲ್ಲ. ಆಹಾರದ ಅಲರ್ಜಿ ಇದ್ದವರಿಗೆ ನೆಲದ ಮೇಲೆ ಆಗುವುದಕ್ಕಿಂತ ವಿಮಾನದಲ್ಲಿ ತೊಂದರೆ ಆಗುವುದು ಹತ್ತರಿಂದ ನೂರು ಪಟ್ಟು ಕಡಿಮೆ ಎಂಬುದೂ ಅವರ ಲೆಕ್ಕ. ವಿಮಾನ ಹತ್ತಿದ ಮೇಲೆ ಜನ ಎಚ್ಚರದಿಂದ ಇರುತ್ತಾರೆ, ಕಂಡದ್ದನ್ನು ಬಾಯಿಗೆ ಹಾಕಿಕೊಳ್ಳುವುದಿಲ್ಲ ಎನ್ನುವುದೂ ಇದಕ್ಕೆ ಕಾರಣ ಇದ್ದೀತು.

ಗಾಳಿಯಿಂದ ಅಪಾಯವಿಲ್ಲ ಎಂಬ ಮಾತಿಗೆ ಒಂದು ಅಪವಾದ ಇದೆ. ಕುದಿಯುವ, ಹುರಿಯುವ ಆಹಾರದ ಹಬೆಯಲ್ಲಿ ಪ್ರೋಟೀನು ಗಾಳಿಗೆ ಸೇರುತ್ತದೆ. ಮೀನು, ಸಿಗಡಿ ಬೇಯಿಸುವ ಅಡುಗೆಮನೆಗೆ ಹೋದರೇ ಉಬ್ಬಸ ಬರುವವರು ಇದ್ದಾರೆ. ವಿಮಾನದಲ್ಲಿ ಅಡುಗೆ ಮಾಡುವುದಿಲ್ಲ, ಮಾಡಿದ್ದನ್ನು ಮುಚ್ಚಿಟ್ಟು ಬಿಸಿ ಮಾಡುತ್ತಾರೆ. ಆದರೂ ಅಂಥವರು ಅಡುಗೆ ಕಟ್ಟೆಯಿಂದ ದೂರದ ಸೀಟು ಕೇಳಿ ಪಡೆಯುವುದು ಒಳ್ಳೆಯದು.

ಹಾಗಾದರೆ ಅಪಾಯ ಎಲ್ಲಿದೆ? ಟ್ರೇಯ ಮೇಲೆ, ಸೀಟಿನ ಕೈಯೊರಗಿನ ಮೇಲೆ, ಸೀಟುಬೆಲ್ಟಿನ ಕೊಂಡಿಯಲ್ಲಿ, ಎದುರಿನ ಟೀವಿ ಪರದೆಯ ಮೇಲೆ. ಹಿಂದಿನ ಹಾರಾಟದ ಪ್ರಯಾಣಿಕ ಶೇಂಗಾ ತಿಂದ ಬೆರಳಿನಿಂದ ಅದೇ ಪರದೆಯ ಮೇಲೆ ಸಿನಿಮಾ ಹುಡುಕಿರುತ್ತಾನೆ. ಮಗು ಅಲ್ಲಿ ಬೆರಳಾಡಿಸಿ, ಅದೇ ಬೆರಳನ್ನು ಬಾಯಿಗೆ ಇಟ್ಟುಕೊಳ್ಳುತ್ತದೆ. ಒಂದು ವಿಮಾನ ಇಳಿದು ಮತ್ತೆ ಏರುವುದರ ನಡುವೆ ಸಿಗುವ ಹೊತ್ತಿನಲ್ಲಿ ಕಸ ಎತ್ತುತ್ತಾರೆ, ಪ್ರತಿಯೊಂದು ಟ್ರೇಯನ್ನೂ ತಿಕ್ಕಿ ಒರೆಸುವುದು ಕಡಿಮೆ. ಆದ್ದರಿಂದ ಸೀಟಿಗೆ ಬಂದ ತಕ್ಷಣ ಮಾಡುವ ಮೊದಲ ಕೆಲಸ, ಒದ್ದೆ ಒರೆಸುವ ಕಾಗದದಿಂದ ಇವಿಷ್ಟನ್ನೂ ಒರೆಸುವುದು. ಅಕ್ಕಪಕ್ಕದವರು ನೋಡಿದರೆ ನೋಡಲಿ ಬಿಡಿ.

ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರ್ ಸಾಲದೇ ಎಂದು ಬಹಳ ಜನ ಕೇಳುತ್ತಾರೆ. ಸಾಲದು. ಕೋವಿಡ್ ಕಾಲದಿಂದ ನಮಗೆ ಅದರ ಮೇಲೆ ಅತಿಯಾದ ನಂಬಿಕೆ. ಅದು ಸೂಕ್ಷ್ಮಜೀವಿಯನ್ನು ಕೊಲ್ಲುತ್ತದೆ. ಶೇಂಗಾದ ಪ್ರೋಟೀನು ಜೀವಿಯಲ್ಲ, ಕೊಲ್ಲಿಸಿಕೊಳ್ಳುವುದಕ್ಕೆ. ಅದನ್ನು ತೊಳೆದೇ ತೆಗೆಯಬೇಕು. ಅಮೆರಿಕದಲ್ಲಿ 2004ರಲ್ಲಿ ಇದನ್ನು ಅಳೆದು ನೋಡಿದರು. ಸಾಬೂನು ಮತ್ತು ಒದ್ದೆ ವೈಪ್‌ಗಳು ಕೈಯನ್ನು ಶುದ್ಧ ಮಾಡಿದವು. ಬರೀ ನೀರು ಮತ್ತು ಸ್ಯಾನಿಟೈಸರ್ ಬಳಸಿದ ಕೆಲವರ ಕೈಯಲ್ಲಿ ಶೇಂಗಾ ಉಳಿದೇ ಇತ್ತು.

ಯಾರೂ ಬೀಜ ತಿನ್ನಬೇಡಿ ಎಂದು ವಿಮಾನದಲ್ಲಿ ಘೋಷಣೆ ಮಾಡಿಸಬೇಕೇ ಎಂಬುದು ದೊಡ್ಡ ಜಗಳದ ವಿಷಯ. ಕೆಲವು ಕಂಪನಿಗಳು ಮಾಡುತ್ತವೆ, ಕೆಲವು ಒಪ್ಪುವುದಿಲ್ಲ. ಕೆನಡಾದ ಸಾರಿಗೆ ನ್ಯಾಯಮಂಡಳಿ 2010ರಲ್ಲಿ ಏರ್ ಕೆನಡಾ ಸಂಸ್ಥೆಗೆ, ಬೀಜದ ಅಲರ್ಜಿ ಇದ್ದವರ ಸುತ್ತ ಬೀಜಗಳಿಲ್ಲದ ಒಂದು ವಲಯ ಇರಬೇಕು ಎಂದು ಹೇಳಿತು. ಶೇಂಗಾ ಪೊಟ್ಟಣಕ್ಕೇ ಹೆಸರಾಗಿದ್ದ ಅಮೆರಿಕದ ಸೌತ್‌ವೆಸ್ಟ್ ಏರ್‌ಲೈನ್ಸ್ 2018ರ ಆಗಸ್ಟ್‌ನಿಂದ ಅದನ್ನು ಕೊಡುವುದನ್ನೇ ನಿಲ್ಲಿಸಿತು. ನನ್ನ ಅಭಿಪ್ರಾಯ ಕೇಳಿದರೆ, ಘೋಷಣೆಯಿಂದ ಗಾಳಿ ಶುದ್ಧವಾಗುತ್ತದೆ ಎಂದು ನಂಬಿ ಕೈಕಟ್ಟಿ ಕೂರಬೇಡಿ. ಬೆಂಗಳೂರಿಗೆ ಬರುವ ವಿಮಾನದಲ್ಲಿ ಅದಕ್ಕೆ ಬೇರೊಂದು ಉಪಯೋಗವಿದೆ. ನಮ್ಮವರು ಹಂಚಿ ತಿನ್ನುವ ಜನ. ಪಕ್ಕದ ಸೀಟಿನ ಅಕ್ಕರೆಯ ಹಿರಿಯರೊಬ್ಬರು ಡಬ್ಬಿ ತೆರೆದು, ಅಪ್ಪ ಅಮ್ಮ ನಿದ್ದೆಯಲ್ಲಿರುವಾಗ, ಮಗುವಿನ ಕೈಗೆ ಒಂದು ನಿಪ್ಪಟ್ಟು ಇಡುತ್ತಾರೆ. ನಿಪ್ಪಟ್ಟಿನಲ್ಲಿ ಶೇಂಗಾ ಇರುತ್ತದೆ, ಚಕ್ಕುಲಿಯಲ್ಲಿ ಎಳ್ಳು. ಈ ಪ್ರೀತಿಯನ್ನು ತಡೆಯುವುದಕ್ಕೆ ಘೋಷಣೆಗೆ ಕಾಯಬೇಕಿಲ್ಲ, ಕೂತ ಕೂಡಲೇ ಅಕ್ಕಪಕ್ಕದವರಿಗೆ ನೀವೇ ಹೇಳಿ.

ಇನ್ನು ಊಟ. ಇಲ್ಲಿ ನಟಾಶಾ ಎಡ್ನಾನ್-ಲಪೆರೂಸ್ ಎಂಬ ಹುಡುಗಿಯ ವಿಷಯ ಹೇಳದೆ ಮುಂದೆ ಹೋಗಲಾಗದು. ಲಂಡನ್ನಿನ ಹುಡುಗಿ, ಹದಿನೈದು ವರ್ಷ. ಎಳ್ಳು ಸೇರಿದಂತೆ ಕೆಲವು ಆಹಾರ ಆಗುವುದಿಲ್ಲ ಎಂಬುದು ಅವಳಿಗೂ ಮನೆಯವರಿಗೂ ಚೆನ್ನಾಗಿ ಗೊತ್ತಿತ್ತು. 2016ರ ಜುಲೈ 17ರಂದು ತಂದೆ ಮತ್ತು ಗೆಳತಿಯ ಜತೆ ರಜೆಗೆಂದು ಫ್ರಾನ್ಸಿನ ನೀಸ್ ನಗರಕ್ಕೆ ಹೊರಟಳು. ಹೀಥ್ರೋ ವಿಮಾನನಿಲ್ದಾಣದಲ್ಲಿ ಪ್ರೆಟ್ ಎ ಮಾಂಜೆ ಅಂಗಡಿಯಿಂದ ಆಲಿವ್ ಹಾಕಿದ ಒಂದು ಬ್ಯಾಗೆಟ್ ಕೊಂಡಳು. ಹೊದಿಕೆಯ ಮೇಲೆ ಎಳ್ಳಿನ ಸುದ್ದಿ ಇರಲಿಲ್ಲ. ಬ್ರೆಡ್ಡಿನ ಮೇಲೂ ಎಳ್ಳು ಕಾಣುತ್ತಿರಲಿಲ್ಲ, ಏಕೆಂದರೆ ಅದನ್ನು ಹಿಟ್ಟಿನೊಳಗೇ ಕಲಸಿ ಬೇಯಿಸಿದ್ದರು. ತಿಂದ ಸ್ವಲ್ಪ ಹೊತ್ತಿಗೆ ಗಂಟಲು ತುರಿಸಿತು. ವಿಮಾನ ಏರಿದ ಮೇಲೆ ಮೈಮೇಲೆ ದೊಡ್ಡ ದೊಡ್ಡ ಗಂಧೆಗಳೆದ್ದವು, ಉಸಿರಾಟ ಕಷ್ಟವಾಯಿತು. ತಂದೆ ಒಂದರ ಮೇಲೊಂದು ಅಡ್ರಿನಲಿನ್ ಚುಚ್ಚುಮದ್ದಿನ ಎರಡು ಪೆನ್ನು ಚುಚ್ಚಿದರು. ವಿಮಾನದಲ್ಲಿದ್ದ ಯುವ ವೈದ್ಯರೊಬ್ಬರು ಎದೆ ಒತ್ತಿ ಉಳಿಸಲು ಹೆಣಗಿದರು. ಅದೇ ದಿನ ನೀಸ್‌ನ ಆಸ್ಪತ್ರೆಯಲ್ಲಿ ಹುಡುಗಿ ತೀರಿಕೊಂಡಳು.

ಗಮನಿಸಿ, ವಿಮಾನದಲ್ಲಿ ಕೊಟ್ಟ ಯಾವ ಊಟವೂ ಅವಳಿಗೆ ಈ ಗತಿ ತರಲಿಲ್ಲ. ಅಲರ್ಜಿಯವರ ಪ್ರಯಾಣ ಶುರುವಾಗುವುದು ನಿಲ್ದಾಣದ ತಿಂಡಿ ಅಂಗಡಿಯಲ್ಲೇ. ಅಂಗಡಿಯಲ್ಲೇ ತಯಾರಿಸಿ ಸುತ್ತಿಟ್ಟ ತಿಂಡಿಗೆ ಪೂರ್ತಿ ಪಟ್ಟಿ ಅಂಟಿಸಬೇಕೆಂಬ ನಿಯಮ ಆಗಿನ ಬ್ರಿಟಿಷ್ ಕಾನೂನಿನಲ್ಲಿ ಇರಲಿಲ್ಲ. 2018ರಲ್ಲಿ ನಡೆದ ಮರಣ ವಿಚಾರಣೆಯಲ್ಲಿ ಇದೆಲ್ಲ ಹೊರಬಂತು. ಪೆನ್ನಿನ ಸೂಜಿಯ ಉದ್ದ 16 ಮಿಲಿಮೀಟರ್ ಮಾತ್ರ, ಅದು ಸ್ನಾಯುವಿಗೆ ತಲುಪಲು ಸಾಲದಿರಬಹುದು ಎಂಬ ಚಿಂತೆಯನ್ನೂ ವಿಚಾರಣಾಧಿಕಾರಿ ಎತ್ತಿದರು. ತಂದೆ ತಾಯಿ ಬಿಡದೆ ಹೋರಾಡಿದರು. 2021ರ ಅಕ್ಟೋಬರ್ 1ರಿಂದ ಬ್ರಿಟನ್ನಿನಲ್ಲಿ ಅಂಥ ಪ್ರತಿಯೊಂದು ಪೊಟ್ಟಣದ ಮೇಲೂ ಒಳಗಿರುವುದೆಲ್ಲವನ್ನೂ ಬರೆಯಬೇಕು, ಹದಿನಾಲ್ಕು ಅಲರ್ಜಿಕಾರಕಗಳನ್ನು ಎದ್ದು ಕಾಣುವಂತೆ ತೋರಿಸಬೇಕು. ಆ ಕಾನೂನನ್ನು ಜನ ಕರೆಯುವುದು ನಟಾಶಾಳ ಹೆಸರಿನಿಂದಲೇ.

ಅಮೆರಿಕದಲ್ಲಿ ಎಳ್ಳು ಒಂಬತ್ತನೆಯ ಅಲರ್ಜಿಕಾರಕವಾಗಿ ಪಟ್ಟಿಗೆ ಸೇರಿ, 2023ರ ಜನವರಿ 1ರಿಂದ ಜಾರಿಗೆ ಬಂತು. ನಮ್ಮ ದೇಶದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2020ರಲ್ಲಿ ಮಾಡಿದ ಲೇಬಲ್ ನಿಯಮದಲ್ಲಿ ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ ಏಡಿಗಳು, ಶೇಂಗಾ ಮತ್ತು ಗೋಡಂಬಿ ಜಾತಿಯ ಬೀಜಗಳು, ಸೋಯಾ, ಸಲ್ಫೈಟ್ ಇವೆ. ಎಳ್ಳಿಲ್ಲ, ಸಾಸಿವೆಯೂ ಇಲ್ಲ. ಬ್ರಿಟನ್ನಿನ ಪಟ್ಟಿಯಲ್ಲಿ ಇವೆರಡೂ ಇವೆ. ಎಳ್ಳುಬೆಲ್ಲ ಹಂಚುವ ನಾಡಿನಲ್ಲಿ, ಒಗ್ಗರಣೆ ಎಂದರೆ ಸಾಸಿವೆ ಎನ್ನುವ ನಾಡಿನಲ್ಲಿ ಇದು ವಿಚಿತ್ರವಾಗಿದೆ. ಲಂಡನ್ನಿನಲ್ಲಿ 'ಅಲರ್ಜಿ' ಎಂಬ ಸಾಲಿನಲ್ಲಿ ದಪ್ಪಕ್ಷರದ ಎಳ್ಳನ್ನು ಹುಡುಕಿ ಅಭ್ಯಾಸವಾದ ಕಣ್ಣು, ಇಲ್ಲಿಯ ಪೊಟ್ಟಣದಲ್ಲಿ ಅದು ಕಾಣದಿದ್ದಾಗ ನಿರಾಳವಾಗಬಾರದು. ಸಣ್ಣ ಅಕ್ಷರದ ಪದಾರ್ಥಗಳ ಪಟ್ಟಿಯನ್ನು ಪೂರ್ತಿ ಓದಬೇಕು.

ವಿಮಾನದ ವಿಶೇಷ ಊಟದ ವಿಷಯದಲ್ಲಿ ನಮ್ಮವರು ಮೋಸಹೋಗುವುದು ಎರಡು ಕಡೆ. ಟಿಕೆಟ್ಟಿನಲ್ಲಿ 'ಏಷ್ಯನ್ ವೆಜಿಟೇರಿಯನ್' ಎಂದು ಗುರುತು ಹಾಕಿದರೆ ಮಾಂಸ, ಮೊಟ್ಟೆ ಬರುವುದಿಲ್ಲ. ಆದರೆ ತುಪ್ಪ, ಪನೀರು, ಗೋಡಂಬಿ ಅರೆದ ಗ್ರೇವಿ ಧಾರಾಳವಾಗಿ ಬರಬಹುದು. ಹಾಲಿನ ಅಲರ್ಜಿ ಇದೆಯೆಂದು ವೀಗನ್ ಊಟ ಹೇಳಿದರೆ, ಕೆನೆಯ ಬದಲು ಅದೇ ಗೋಡಂಬಿ ಬಂದು ಕೂರಬಹುದು. ಸಸ್ಯಾಹಾರ ಎಂಬುದು ಪಥ್ಯದ ಹೆಸರು, ಅಲರ್ಜಿಗೆ ಸುರಕ್ಷಿತ ಎಂಬ ಭರವಸೆಯಲ್ಲ. ಮಾಮೂಲಿಯಾಗಿ ವಿಶೇಷ ಊಟವನ್ನು ಒಂದೆರಡು ದಿನ ಮೊದಲೇ ಹೇಳಬೇಕಾಗುತ್ತದೆ. ಹಾಗೆ ಹೇಳಿದರೂ ಬೀಜದ ಸೋಂಕೇ ಇಲ್ಲ ಎಂದು ಹೆಚ್ಚಿನ ಕಂಪನಿಗಳು ಮಾತು ಕೊಡುವುದಿಲ್ಲ, ಸಾವಿರಾರು ಊಟ ಒಂದೇ ಅಡುಗೆಮನೆಯಲ್ಲಿ ತಯಾರಾಗುತ್ತದೆ. ದೇಶದೊಳಗಿನ ಹಾರಾಟಗಳಲ್ಲಿ ಬಿಸಿನೀರು ಹಾಕಿ ಕೊಡುವ ಅವಲಕ್ಕಿಯಲ್ಲಿ ಶೇಂಗಾ, ಉಪ್ಪಿಟ್ಟಿನಲ್ಲಿ ಗೋಡಂಬಿ ಇರುವುದು ಅಪರೂಪವಲ್ಲ.

ಹಾಗಾಗಿ ತೀವ್ರ ಅಲರ್ಜಿ ಇರುವವರಿಗೆ ನನ್ನ ಸಲಹೆ ಹಳೇ ಕಾಲದ್ದೇ: ಬುತ್ತಿ ಕಟ್ಟಿಕೊಳ್ಳಿ. ಚಪಾತಿ, ಚಿತ್ರಾನ್ನ, ಇಡ್ಲಿ, ಹುರಿದ ಮಂಡಕ್ಕಿ, ಯಾವುದಾದರೂ ಆಗಬಹುದು, ಶೇಂಗಾ ಹಾಕದೆ ಚಿತ್ರಾನ್ನ ಮಾಡಲು ಒಪ್ಪುವುದಾದರೆ. ವಿಮಾನ ತಡವಾಗುವುದುಂಟು, ನಡುವೆ ಇನ್ನೊಂದು ನಿಲ್ದಾಣದಲ್ಲಿ ಕಾಯುವುದುಂಟು, ಆ ಹೊತ್ತಿಗೂ ಆಗುವಷ್ಟಿರಲಿ. ಆಸ್ಟ್ರೇಲಿಯಾದಂಥ ದೇಶಕ್ಕೆ ಹೋಗುವವರು ಮಾತ್ರ ಉಳಿದದ್ದನ್ನು ವಿಮಾನದಲ್ಲೇ ಬಿಟ್ಟು ಇಳಿಯಿರಿ, ಇಲ್ಲವೇ ಅಲ್ಲಿ ಇಳಿಯುವವರು ತುಂಬುವ ಅರ್ಜಿಯಲ್ಲಿ ನಮೂದಿಸಿ. ಅವರು ಒಂದು ಹಣ್ಣಿಗೂ ದಂಡ ಹಾಕುತ್ತಾರೆ.

ಎಷ್ಟೇ ಎಚ್ಚರವಿದ್ದರೂ ಆಗುವುದು ಆಗಬಹುದು. ಆಗ ಬೇಕಾಗುವ ಔಷಧ ಒಂದೇ, ಅಡ್ರಿನಲಿನ್.

ಅಲರ್ಜಿಯ ಈ ಅತಿರೇಕದ ಪ್ರತಿಕ್ರಿಯೆಗೆ ವೈದ್ಯರ ಹೆಸರು ಅನಾಫಿಲ್ಯಾಕ್ಸಿಸ್. ಅದರ ಪತ್ತೆಯ ಕಥೆಯೂ ಒಂದು ಪ್ರಯಾಣದಲ್ಲೇ ಶುರುವಾಗಿದ್ದು. 1901ರಲ್ಲಿ ಮೊನಾಕೋದ ದೊರೆ ಒಂದನೆಯ ಆಲ್ಬರ್ಟನ ಹಡಗಿನಲ್ಲಿ ಚಾರ್ಲ್ಸ್ ರಿಷೆ, ಪಾಲ್ ಪೋರ್ಟಿಯೆ ಎಂಬ ಫ್ರೆಂಚ್ ವಿಜ್ಞಾನಿಗಳು ಕಡಲಜೀವಿಗಳ ವಿಷ ಅಭ್ಯಾಸ ಮಾಡುತ್ತಿದ್ದರು. ಊರಿಗೆ ಮರಳಿ ನಾಯಿಗಳ ಮೇಲೆ ಪ್ರಯೋಗ ಮುಂದುವರಿಸಿದಾಗ, ಮೊದಲ ಸಲ ವಿಷವನ್ನು ತಡೆದುಕೊಂಡ ನೆಪ್ಚೂನ್ ಎಂಬ ನಾಯಿ, ಕೆಲವು ವಾರಗಳ ನಂತರ ಕೊಟ್ಟ ಅಲ್ಪಪ್ರಮಾಣಕ್ಕೇ ಸತ್ತುಹೋಯಿತು. ರಕ್ಷಿಸಬೇಕಾದ ದೇಹವೇ ತಿರುಗಿಬಿದ್ದಿತ್ತು. ರಿಷೆಗೆ 1913ರಲ್ಲಿ ನೊಬೆಲ್ ಬಂತು.

ವಿಮಾನದಲ್ಲಿ ಈ ತೊಂದರೆಯನ್ನು ಗುರುತಿಸುವುದೇ ಕಷ್ಟ. ವಾಂತಿಯಾದರೆ ವಿಮಾನದ ಓಲಾಟ ಎನ್ನುತ್ತಾರೆ, ಉಸಿರು ಕಟ್ಟಿದರೆ ಗಾಬರಿ ಎನ್ನುತ್ತಾರೆ. ತುಟಿ ಜುಮುಗುಟ್ಟುವುದು, ಗಂಧೆ, ಹೊಟ್ಟೆನೋವು, ದನಿ ಒಡೆಯುವುದು, ಬಿಡದ ಕೆಮ್ಮು, ಮಗು ಒಮ್ಮೆಲೇ ಸೊರಗಿ ಮೆತ್ತಗಾಗುವುದು, ಇವುಗಳಲ್ಲಿ ಬೇರೆ ಬೇರೆ ಥರದ ಎರಡು ಒಟ್ಟಿಗೆ ಬಂದರೆ, ಅಥವಾ ಅಲರ್ಜಿಯ ಪದಾರ್ಥ ತಿಂದ ಮೇಲೆ ಉಸಿರಿಗೆ ತೊಂದರೆಯಾದರೆ, ತಡ ಮಾಡಬಾರದು. ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ್ದು, ಅಂದರೆ ಮುಳ್ಳಯ್ಯನಗಿರಿಯ ನೆತ್ತಿಯಷ್ಟು ಅಥವಾ ಇನ್ನೂ ಮೇಲಿನದು. ಉಬ್ಬಸವೂ ಇರುವವರಿಗೆ ಅಲ್ಲಿ ಉಸಿರು ಬೇಗ ಸೋಲುತ್ತದೆ.

ನಮ್ಮಲ್ಲಿ ಮೈ ತುರಿಸಿತೆಂದರೆ ಮೊದಲು ನೆನಪಾಗುವುದು ಅವಿಲ್, ಸೆಟ್ರಿಜಿನ್. ತುರಿಕೆಗೆ ಅವು ಸರಿ. ಮುಚ್ಚಿಕೊಳ್ಳುತ್ತಿರುವ ಗಂಟಲನ್ನು, ಇಳಿಯುತ್ತಿರುವ ರಕ್ತದೊತ್ತಡವನ್ನು ಅವು ಹಿಡಿದು ನಿಲ್ಲಿಸಲಾರವು. ಮಾತ್ರೆ ಕೊಟ್ಟು 'ನೋಡೋಣ' ಎಂದು ಕಾಯುವ ಅರ್ಧ ಗಂಟೆಯಲ್ಲೇ ಎಷ್ಟೋ ಪ್ರಾಣ ಹೋಗಿದೆ. ಅಡ್ರಿನಲಿನ್ ಮೊದಲು, ತೊಡೆಯ ಹೊರಭಾಗದ ಮಧ್ಯದಲ್ಲಿ, ಬೇಕಾದರೆ ಬಟ್ಟೆಯ ಮೇಲಿನಿಂದಲೇ. ಐದರಿಂದ ಹದಿನೈದು ನಿಮಿಷದಲ್ಲಿ ಚೇತರಿಕೆ ಕಾಣದಿದ್ದರೆ ಎರಡನೆಯದು. ಆದ್ದರಿಂದಲೇ ಕನಿಷ್ಠ ಎರಡು ಇರಬೇಕು.

ಹೊರದೇಶದವರ ಕೈಯಲ್ಲಿ ಇದು ಒತ್ತಿದರೆ ತಾನೇ ಚುಚ್ಚುವ ಪೆನ್ನಿನ ರೂಪದಲ್ಲಿರುತ್ತದೆ. ಅಮೆರಿಕದಲ್ಲಿ 2024ರಲ್ಲಿ ಮೂಗಿಗೆ ಸಿಂಪಡಿಸುವ ಬಗೆಗೂ ಒಪ್ಪಿಗೆ ಸಿಕ್ಕಿದೆ. ನಮ್ಮ ಔಷಧದ ಅಂಗಡಿಗಳಲ್ಲಿ ಪೆನ್ನು ಸುಲಭವಾಗಿ ಸಿಗುವುದಿಲ್ಲ. ಸಿಗುವುದು ಒಂದು ಮಿಲಿಯ ಗಾಜಿನ ಆಂಪ್ಯೂಲು. ಅದರಿಂದ ಇಪ್ಪತ್ತು ಕಿಲೋ ತೂಕದ ಮಗುವಿಗೆ ಬೇಕಾದದ್ದು 0.2 ಮಿಲಿ ಮಾತ್ರ. ನಡುಗುವ ಕೈಯಲ್ಲಿ ಗಾಜು ಮುರಿದು ಅಷ್ಟನ್ನು ಎಳೆದುಕೊಳ್ಳುವುದು ಸುಲಭವಲ್ಲ. ಇಲ್ಲಿಂದ ಹೊರಡುವವರು ನಿಮ್ಮ ವೈದ್ಯರ ಎದುರಿನಲ್ಲೇ ನೀರು ತುಂಬಿ ಅಭ್ಯಾಸ ಮಾಡಿ, ಪ್ರಮಾಣವನ್ನು ಕಾಗದದ ಮೇಲೆ ದೊಡ್ಡದಾಗಿ ಬರೆಸಿಕೊಳ್ಳಿ. ಸೂಜಿ, ಔಷಧ ಜತೆಗಿರುವುದಕ್ಕೆ ವೈದ್ಯರ ಪತ್ರವೂ ಇರಲಿ, ಭದ್ರತಾ ತಪಾಸಣೆಯಲ್ಲಿ ಕೇಳುತ್ತಾರೆ.

ಇದನ್ನು ಇಡಬೇಕಾದ ಜಾಗ ನಿಮ್ಮ ಎದುರಿನ ಸೀಟಿನ ಜೇಬು, ಅಥವಾ ಮಡಿಲಲ್ಲಿರುವ ಚೀಲ. ತಲೆಯ ಮೇಲಿನ ಪೆಟ್ಟಿಗೆಯಲ್ಲಿಟ್ಟರೆ, ಬೆಲ್ಟು ಬಿಚ್ಚಬೇಡಿ ಎಂಬ ದೀಪ ಉರಿಯುವಾಗ ಅದು ಇದ್ದೂ ಇಲ್ಲದಂತೆ. ಚೆಕ್ ಇನ್ ಮಾಡಿದ ಸೂಟ್‌ಕೇಸಿನಲ್ಲಂತೂ ಕೂಡದು, ಸರಕಿನ ಜಾಗದ ಚಳಿ ಔಷಧಕ್ಕೆ ಒಳ್ಳೆಯದಲ್ಲ, ಸೂಟ್‌ಕೇಸು ಬೇರೆ ಊರಿಗೆ ಹೋಗುವುದೂ ಉಂಟು. ವಿಮಾನದ ತುರ್ತು ಪೆಟ್ಟಿಗೆಯಲ್ಲಿ ಇರುತ್ತದಲ್ಲ ಎನ್ನಬಹುದು. ಅಮೆರಿಕದ ನಿಯಮದಲ್ಲಿ ಅಡ್ರಿನಲಿನ್ ಇರಲೇಬೇಕು, ಆದರೆ ಅದೂ ಹೆಚ್ಚಾಗಿ ಆಂಪ್ಯೂಲಿನ ರೂಪದಲ್ಲಿ, ಬಳಸಲು ಬಲ್ಲವರು ಬೇಕು. 'ವಿಮಾನದಲ್ಲಿ ವೈದ್ಯರಿದ್ದಾರೆಯೇ' ಎಂಬ ಕೂಗಿಗೆ ಉತ್ತರ ಬರುವವರೆಗೆ ಕಾಯಬೇಡಿ.

ಚುಚ್ಚಿದ ಮೇಲೆ ಇನ್ನೊಂದು ಎಚ್ಚರ. ಹೊಟ್ಟೆ ತೊಳಸುವವರು ಎದ್ದು ಶೌಚಾಲಯಕ್ಕೆ ಹೋಗುತ್ತಾರೆ, ಅದು ಬಲು ಅಪಾಯ. ರಕ್ತದೊತ್ತಡ ಕುಸಿದಿರುವಾಗ ದಿಢೀರನೆ ಎದ್ದು ನಿಂತರೆ ಹೃದಯಕ್ಕೆ ಮರಳುವ ರಕ್ತವೇ ನಿಂತು, ಕ್ಷಣದಲ್ಲಿ ಸಾವು ಬಂದದ್ದುಂಟು. ಮಲಗಿಸಿ, ಕಾಲು ಎತ್ತರದಲ್ಲಿಡಿ, ಜಾಗ ಇಲ್ಲದಿದ್ದರೆ ನಡುದಾರಿಯಲ್ಲೇ ಆಗಲಿ. ಉಸಿರಾಡಲು ತೀರ ಕಷ್ಟವಾಗುತ್ತಿದ್ದರೆ ಮಾತ್ರ ಕಾಲು ಚಾಚಿ ಒರಗಿ ಕೂರಲಿ. ಗಗನಸಖಿಯರಿಗೆ 'ಅನಾಫಿಲ್ಯಾಕ್ಸಿಸ್, ಅಡ್ರಿನಲಿನ್ ಕೊಟ್ಟಿದ್ದೇವೆ' ಎಂದು ಇದೇ ಪದಗಳಲ್ಲಿ ಹೇಳಿ. ಪೈಲಟ್ಟಿಗೆ, ನೆಲದ ವೈದ್ಯರಿಗೆ ಸುದ್ದಿ ಮುಟ್ಟಿಸುವವರು ಅವರೇ.

ಚೇತರಿಸಿಕೊಂಡ ಮಗು ಆಟವಾಡುತ್ತಾ ಕೂತಿರುತ್ತದೆ, ಇನ್ನೇನು ಕೆಂಪೇಗೌಡ ನಿಲ್ದಾಣ ಬಂತು, ಹೊರಗೆ ಅಜ್ಜ ಅಜ್ಜಿ ಕಾಯುತ್ತಿದ್ದಾರೆ. ಆದರೂ ನೇರ ಮನೆಗೆ ಹೋಗುವಂತಿಲ್ಲ. ಔಷಧದ ಪ್ರಭಾವ ಇಳಿದು ಕೆಲವು ಗಂಟೆಗಳ ಮೇಲೆ ಅದೇ ತೊಂದರೆ ಮರುಕಳಿಸಬಹುದು. ವಿಮಾನದ ಬಾಗಿಲಿಗೇ ವೈದ್ಯಕೀಯ ನೆರವು ಬರಲಿ ಎಂದು ಸಿಬ್ಬಂದಿಯಿಂದ ಮುಂಚೆಯೇ ಹೇಳಿಸಿ, ಇಮಿಗ್ರೇಷನ್ ಸಾಲಿನಲ್ಲಿ ನಿಲ್ಲಿಸಬೇಡಿ, ಆಸ್ಪತ್ರೆಯಲ್ಲಿ ಕೆಲವು ಗಂಟೆ ಇರಿಸಿ. ಇನ್ನು, ದಾರಿಯಲ್ಲಿ ಬಳಸಿಬಿಟ್ಟ ಪೆನ್ನಿಗೆ ಬದಲಿ ಇಲ್ಲಿ ಥಟ್ಟನೆ ಸಿಗುವುದಿಲ್ಲವಾದ್ದರಿಂದ, ಬರುವ ದಾರಿಗೆ ಎರಡು, ಇಲ್ಲಿರುವ ದಿನಗಳಿಗೆ ಮತ್ತು ಮರಳುವ ದಾರಿಗೆ ಬೇರೆಯೇ ಎರಡು, ಅವಧಿ ಮುಗಿಯುವ ದಿನಾಂಕ ನೋಡಿ, ಅಲ್ಲಿಂದಲೇ ತರುವಂತೆ ಮಗನಿಗೋ ಮಗಳಿಗೋ ಈಗಲೇ ಫೋನು ಮಾಡಿ ಹೇಳಿ.